ಹಸಿ ಹಂಚಿನ ಕೋಣೆ

ಮೈಲಾರಲಿಂಗಣ್ಣನನ್ನು ನಾನು ಮೊದಲು ನೋಡಿದ್ದು ೧೯೭೬ರ ಶ್ರಾವಣದ ಮೊದಲ ಶುಕ್ರವಾರ, ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ. ಹಂಚು ಸುಡುವ ಭಟ್ಟಿಯ ಮೇಲಿನ ಕೋಣೆಯಲ್ಲಿ ಹಸಿ ಹಂಚುಗಳು ಒಣಗುತ್ತಿದ್ದವು. ಕೆಳಗಿನ ಬೆಂಕಿಯ ಬಿಸಿ ನೆಲದಿಂದ ಏಳುತ್ತಿತ್ತು. ಮಾಡಿನ ಗಾಜಿನ ಹಂಚಿನಿಂದ ಇಳಿದ ಬೆಳಕು ಹಬೆಯಲ್ಲಿ ತೇಲುತ್ತಿತ್ತು. ಆ ಬೆಳಕಿನ ನಡುವೆ ಅರವತ್ತರ ಹತ್ತಿರದ ಒಬ್ಬ ಮನುಷ್ಯ ಕೈ ಮೇಲೆತ್ತಿ ಜೋಡಿಸಿ, ಒಂದೇ ಕಾಲಿನ ಮೇಲೆ ನಿಂತಿದ್ದ. ಕೆರೆಯ ತಳದಲ್ಲಿ ನಿಂತು ನೋಡಿದ ಹಾಗಿತ್ತು ನನಗೆ.

ನಾನು ಬೆಳಗಾವಿಯ ಖಾಸಬಾಗದವಳು. ಗಂಡ ತೀರಿದ ಮೇಲೆ ನೇಕಾರರ ಮನೆಗಳಿಗೆ ಕಂಡಿಕೆಗೆ ನೂಲು ಸುತ್ತಿ ಬದುಕುತ್ತಿದ್ದೆ. ಆ ವರ್ಷ ಬಲಭುಜ ಹಿಡಿದುಕೊಂಡು ರಾಟೆ ತಿರುಗಿಸಲು ಬಾರದಾಯಿತು. ಕೈ ಹೋದರೆ ನನ್ನ ಅನ್ನವೂ ಹೋಗುತ್ತಿತ್ತು. ಅಕ್ಕ ಗೌರವ್ವ ಆ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದಳು, ಅವಳೇ ಕರೆದೊಯ್ದು ತನ್ನ ಮನೆಯಲ್ಲಿ ಇರಿಸಿಕೊಂಡಳು.

"ಅಣ್ಣಾರ, ಇಕಿ ನನ್ನ ತಂಗಿ. ಕೈ ಎತ್ತಾಕ ಬರೂದಿಲ್ಲ, ದನಿ ಮಾತ್ರ ಛಲೋ ಎತ್ತತಾಳ," ಅಂದಳು.

ಅಣ್ಣ ಬಾಗಿಲ ಕಡೆ ತೋರಿಸಿದ. "ಅಲ್ಲಿ ನಿಂದರು ತಂಗಿ. ಹಸಿ ಹಂಚು ಮೊದಲ ದಿನಾನ ನಡುವ ಇಟ್ರ ಸೀಳತೈತಿ."

ಅವನು ಹಲಸಿಯ ಕುರುಬರವನು. ಮೂವತ್ತು ವರ್ಷ ಭಟ್ಟಿಗೆ ಬೆಂಕಿ ಹಾಕಿದವನು. ಆಸನ ಕಲಿತದ್ದು ಹರೆಯದಲ್ಲಿ, ಕುಸ್ತಿಯ ತಾಲೀಮಿನ ಮನೆಯಲ್ಲಿ. ಒಮ್ಮೆ ಬಿಸಿಯಲ್ಲಿ ಕಣ್ಣಿಗೆ ಕತ್ತಲೆ ಬಂದರೂ ನಾಚಿಕೊಂಡು ಹೇಳದೆ ನಿಂತು, ಭಟ್ಟಿಯ ಬಾಗಿಲ ಮೇಲೆ ಬಿದ್ದಿದ್ದ. ಎಡ ಮುಂಗೈಯ ಚರ್ಮ ಮೊಣಕೈತನಕ ಸುಟ್ಟು ಸುಕ್ಕಾಗಿತ್ತು. ಸೊಂಟ, ಭುಜ ಹಿಡಿದ ನಾಲ್ಕೈದು ಹೆಂಗಸರಿಗೆ ಆ ಬಿಸಿ ಕೋಣೆಯಲ್ಲಿ ಆಸನ ಕಲಿಸಲು ಕಾರ್ಖಾನೆಯ ಒಡೆಯ ತಮ್ಮಣ್ಣ ಸಾವುಕಾರರು ಒಪ್ಪಿದ್ದರು, ಒಂದು ಮಾತಿನ ಮೇಲೆ: "ಒಬ್ಬರು ಬಿದ್ರೂ ಕೋಣಿಗೆ ಕೀಲಿ ಹಾಕ್ತೀನಿ ನೋಡು."

ಆಗಷ್ಟೇ ಅಚ್ಚಿನಿಂದ ತೆಗೆದ ಹಂಚೊಂದನ್ನು ಅಣ್ಣ ಕಿಟಕಿಯಲ್ಲಿ ಇಡುತ್ತಿದ್ದ. ಅದರ ಅಂಚು ಒಣಗಿ ಬೆಳ್ಳಗಾದರೆ ಎಲ್ಲರೂ ಹೊರಗೆ. ಅದೇ ನಮ್ಮ ಗಡಿಯಾರ.

ನಾಲ್ಕನೆಯ ದಿನ ಸೋಮವಾರ. ಯೋಗವೂ ಪೂಜೆಯೇ ಎಂದುಕೊಂಡು ಹನಿ ನೀರೂ ಕುಡಿಯದೆ ಹೋಗಿದ್ದೆ. ಎರಡನೆಯ ಸಲ ಕೈ ಎತ್ತುವಾಗ ಮೇಲಿನ ಗಾಜಿನ ಹಂಚು ಕಣ್ಣಿಗೆ ಕಪ್ಪಾಯಿತು. ನಾಚಿಕೆಗೆ ಬಾಯಿ ಬಿಡಲಿಲ್ಲ. ನೆಲ ಮುಟ್ಟುವ ಮೊದಲೇ ಅಣ್ಣ ಹಿಡಿದು, ಹೊರಗೆ ಗಾಳಿಗೆ ಮಲಗಿಸಿದ.

"ನೀರು ಕುಡದಿಲ್ಲೇನು?"

"ಶ್ರಾವಣ ಸೋಮಾರ ಅಲ್ಲೇನ್ರಿ, ಉಪಾಸ."

"ಶಿವಗ ಮನ್ಯಾಗ ಉಪಾಸ ಇರು. ಈ ಭಟ್ಟಿಗ್ಯಾಕ ಉಪಾಸ? ಕಣ್ಣಿಗೆ ಕತ್ತಲಿ ಬಂದ್ರ 'ಕುಂದರ್ಲೇನು' ಅಂತ ಕೇಳು. ಕೇಳಾಕ ನಾಚಿದ್ರ ನನ್ನ ಕೈ ನೋಡು."

ಸಾವುಕಾರರು ಬಂದರು. "ಬಿದ್ದಿಲ್ರಿ, ನಾ ಹಿಡದೇನಿ," ಅಂದ ಅಣ್ಣ. ಅವರು ನನ್ನನ್ನೂ ಬಾಗಿಲಿನ ಬೀಗವನ್ನೂ ನೋಡಿದರು. "ಇದೊಂದ ಸಲ ಬಿಡ್ತೀನಿ."

ಆಮೇಲೆ ನಾನು ಎರಡು ತಾಸು ಮೊದಲೇ ಅಂಬಲಿ ಕುಡಿದು, ಚೂರು ಉಪ್ಪು, ಬೆಲ್ಲ ಹಾಕಿದ ನೀರಿನ ತಂಬಿಗೆ ಹಿಡಿದೇ ಹೋದೆ. ಒಂದು ವಾರ ಬಾಗಿಲಲ್ಲಿ, ಮರುವಾರ ಎರಡು ಹೆಜ್ಜೆ ಒಳಗೆ. ಮೂಗಿನ ಉಸಿರು ಸಾಲದೆ ಬಾಯಿ ತೆರೆದರೆ ಕೈ ಇಳಿಸಬೇಕು. ಬೆವರು ರೆಪ್ಪೆಗೆ ಇಳಿದಾಗ ಕೋಣೆಯೆಲ್ಲ ಕರಗಿ, ಉಸಿರು ಎಣಿಸುವ ಅಣ್ಣನ ದನಿಯೊಂದೇ ಉಳಿಯುತ್ತಿತ್ತು. ದಸರೆಗೆ ಕೈ ಕಿವಿ ಮುಟ್ಟಿತು. ದೀಪಾವಳಿಗೆ ತುರುಬು ಕಟ್ಟಿಕೊಂಡೆ, ರಾಟೆಗೆ ಮರಳಿದೆ. ಭಾನುವಾರ ಮಾತ್ರ ರೈಲು ಹತ್ತಿ ಖಾನಾಪುರಕ್ಕೆ ಹೋಗುತ್ತಿದ್ದೆ; ಭಟ್ಟಿಗೆ ಭಾನುವಾರವೂ ಬಿಡುವಿರಲಿಲ್ಲ.

ಕಾರ್ಖಾನೆ ನಿಲ್ಲುವವರೆಗೂ ಆ ಕೋಣೆಗೆ ಕೀಲಿ ಬೀಳಲಿಲ್ಲ. ಅಣ್ಣ ಹಲಸಿಗೆ ಮರಳಿದ ಮೇಲೆ ಎಣಿಸುವ ಕೆಲಸ ನನ್ನದಾಯಿತು. ಅವನು ಹಲಸಿಯಲ್ಲೇ ತೀರಿಕೊಂಡ. ನಾನು ಅವನನ್ನು ಕಡೆಯದಾಗಿ ನೋಡಿದ್ದು ೧೯೮೪ರ ಶಿವರಾತ್ರಿ ಕಳೆದ ಭಾನುವಾರ. ಆ ಕೋಣೆಯಲ್ಲಿ ಐದು ಜನ ಹೆಂಗಸರಿದ್ದೆವು. ಅಣ್ಣ ನಡುವೆ ಒಂದೇ ಕಾಲಿನ ಮೇಲೆ ನಿಂತಿದ್ದ. ಕಿಟಕಿಯ ಹಂಚು ಇನ್ನೂ ಹಸಿಯಾಗಿತ್ತು. ಅವನ ತುಟಿಯ ಅಂಚು ಬೆಳ್ಳಗಾಗಿತ್ತು. ಎಂಟು ವರ್ಷದಲ್ಲಿ ಅವನು ಒಮ್ಮೆಯೂ ಆಸನದ ನಡುವೆ ಕುಳಿತವನಲ್ಲ. ಬಿದ್ದರೆ ಕೀಲಿ. 

ಅವನು ಕಾಲು ಇಳಿಸಿದ. ಹಬೆಯೊಳಗಿಂದ ಮೆಲ್ಲಗೆ ನಡೆದು ಬಂದು ಬಾಗಿಲ ಚೌಕಟ್ಟು ಹಿಡಿದ. ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದ:

"ತಂಗಿ, ನಾ ಕುಂದರ್ಲೇನು?"