ಭಜನೆಯಲ್ಲಿ ನನ್ನ ಗಿಟಾರ್

೨೦೧೧ರ ನವರಾತ್ರಿ. ಬ್ಯಾಂಕಿನ ವರ್ಗಾವಣೆಯಲ್ಲಿ ನಾನು ಬಾಗಲಕೋಟೆಯಿಂದ ನಾಸಿಕ್‌ಗೆ ಬಂದು ಮೂರು ವರ್ಷವಾಗಿತ್ತು. ಮಗಳು ಶ್ವೇತಾ ಹಟ ಹಿಡಿದು ಕೊಡಿಸಿಕೊಂಡ ಗಿಟಾರ್ ಎರಡೇ ತಿಂಗಳಲ್ಲಿ ಮೂಲೆ ಸೇರಿತ್ತು. ಅದರ ಮೇಲಿನ ಧೂಳು ನೋಡಲಾರದೆ, ಮೂವತ್ತೊಂಬತ್ತರ ನಾನೇ ಅದನ್ನು ಎತ್ತಿಕೊಂಡಿದ್ದೆ.

ಗುರು ಎಂದರೆ ಮನೆಯ ಕಂಪ್ಯೂಟರಿನಲ್ಲಿದ್ದ ಒಂದು ಸಾಫ್ಟ್‌ವೇರ್. ಎರಡು ಸ್ವರ ಕೇಳಿಸಿ, ನಡುವಿನ ಅಂತರ ಎಷ್ಟು ಎನ್ನುತ್ತಿತ್ತು. ಒಂದು ಸ್ಕೇಲಿನ ಸ್ವರಸಾಲು ತೋರಿಸಿ, ಇದಕ್ಕೆ ಹೊಂದುವ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪು, ಯಾವುದು ಎನ್ನುತ್ತಿತ್ತು. ಸರಿಯಾದರೆ ಹಸಿರು ಗುರುತು. ನುಡಿಸುವಾಗ ತಪ್ಪಿದರೆ ಪರದೆಯ ಬಾಣ ಅಲ್ಲೇ ನಿಂತು, ನಾನು ತಿದ್ದಿಕೊಳ್ಳುವವರೆಗೆ ಕಾಯುತ್ತಿತ್ತು. ಆ ವಯಸ್ಸಿನ ಹೆಂಗಸಿಗೆ ಹಸಿರು ಗುರುತು ಕೊಡುವವರು ಯಾರಿದ್ದಾರೆ? ಬೆಳಗ್ಗೆ ಕುಕ್ಕರ್ ಇಟ್ಟು, ಸೀಟಿ ಕೂಗುವಷ್ಟರಲ್ಲಿ ಒಂದು ಪಾಠ ಮುಗಿಸುತ್ತಿದ್ದೆ. ನೂರಕ್ಕೆ ನೂರು ಬಂದ ದಿನ ಕೌಂಟರಿನಲ್ಲೂ ಗುನುಗುತ್ತಿದ್ದೆ.

ಈಗ ಛತ್ರಪತಿ ಸಂಭಾಜಿನಗರ ಎನ್ನುವ, ನಾವಾಗ ಔರಂಗಾಬಾದ್ ಎನ್ನುತ್ತಿದ್ದ ಊರಿನಲ್ಲಿ ಉಡುಪಿ ಕಡೆಯ ಪರಿಚಯದವರೊಬ್ಬರು ಹೋಟೆಲು ನಡೆಸುತ್ತಿದ್ದರು. ಆ ನವರಾತ್ರಿಗೆ ಅವರ ಮನೆಯ ಭಜನೆಗೆ ಕರೆ ಬಂತು. "ನಾನೂ ಗಿಟಾರ್ ಬಾರಸ್ತೀನ್ರಿ" ಎಂದುಬಿಟ್ಟೆ. ಭಜನೆ ಯಾವುದು, ಶ್ರುತಿ ಯಾವುದು ಎಂದು ಫೋನಿನಲ್ಲೇ ಕೇಳಿ ಮೂರು ಕಾರ್ಡ್ ಬರೆದುಕೊಂಡೆ.

"ಅವ್ವಾ, ನಕೋ ನಾ, ಬ್ಯಾಡ. ಕಂಪ್ಯೂಟರ್ ನಿನ್ ಸಲುವಾಗಿ ಕಾಯ್ತದ, ಮಂದಿ ಕಾಯಂಗಿಲ್ಲ" ಎಂದಳು ಶ್ವೇತಾ. ರೈಲು ಮನ್ಮಾಡ್ ದಾಟುವವರೆಗೂ ಅದನ್ನೇ ಹೇಳಿದಳು. ಅವಳೆದುರು ಸೋತರೆ ಗಿಟಾರ್ ಮತ್ತೆ ಮೂಲೆಗೇ ಎಂದು ನನಗೆ ಗೊತ್ತಿತ್ತು.

ಹಾಡಿದವರು ಹೋಟೆಲಿನವರ ತಾಯಿ ಕಮಲಕ್ಕ. ಎಪ್ಪತ್ತು ದಾಟಿದ್ದರೂ ಗಂಟಲು ಗಟ್ಟಿ. ಅವರು ಒಂದು ಸಾಲು ಹಾಡುವುದು, ನಲವತ್ತು ಜನ ಅದನ್ನೇ ಹಿಂದೆ ಹೇಳುವುದು. ಮೊದಲ ಸಾಲು ಹೇಗೋ ಸಾಗಿತು. ಎರಡನೆಯದರಲ್ಲಿ ಬೆರಳು ತಪ್ಪಿತು. ರೂಢಿಯಂತೆ ನಾನು ನಿಂತುಬಿಟ್ಟೆ. ತಾಳ ನಿಲ್ಲಲಿಲ್ಲ. ಗಾಬರಿಯಲ್ಲಿ ಎಲ್ಲೋ ಒಂದು ಕಡೆ ತಂತಿ ಮೀಟಿದೆ. ಅಪಸ್ವರಕ್ಕೆ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಶ್ವೇತಾ ತಲೆ ತಗ್ಗಿಸಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಮಲಕ್ಕ ನನ್ನ ಕಡೆ ನೋಡಲೂ ಇಲ್ಲ. ಅದೇ ಸಾಲನ್ನು ಮತ್ತೆ ಎತ್ತಿಕೊಂಡರು. ಜನ ಹೇಳಿದರು. ಮತ್ತೆ ಅದೇ ಸಾಲು. ಇಲ್ಲಿ ಹೀಗೆಯೇ ಹಾಡುವ ಪದ್ಧತಿಯೇನೋ ಎಂದುಕೊಂಡು ನಾನು ಒಂದೊಂದೇ ಬೆರಳು ಹುಡುಕಿದೆ. ಕೊನೆಗೆ ಕಾರ್ಡ್ ಕೂತಿತು, ತಾಳಕ್ಕೆ ಕೈ ಸೇರಿತು. ಆಮೇಲೆಯೇ ಅವರು ಮುಂದಿನ ಸಾಲಿಗೆ ಹೋದರು.

ಊಟಕ್ಕೆ ಕೂತಾಗ ಅವರ ಸೊಸೆ ಅನ್ನ ಬಡಿಸುತ್ತಾ ಹೇಳಿದರು, "ಆ ಸಾಲು ನಾವು ಯಾವಾಗಲೂ ಎರಡೇ ಸಲ ಹೇಳುದು. ಇವತ್ತು ಅತ್ತೆ ಏಳು ಸಲ ಹೇಳಿದ್ರು, ನೋಡಿ."

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದೆ. ಕಮಲಕ್ಕ ಬಂದಾಗ ಏನೋ ಹೇಳಲು ಹೋದೆ. "ಮೊದಲು ಊಟ ಮಾಡಿ, ಸಾರು ತಣಿತದೆ" ಎಂದು ಮುಂದಿನ ಎಲೆಗೆ ಹೋದರು.

ಕಮಲಕ್ಕ ಈಗಿಲ್ಲ. ನನ್ನ ಕೃತಜ್ಞತೆ ಅವರಿಗೆ ಹೇಳದೆಯೇ ಉಳಿಯಿತು. ಆ ದಿನ ವಾಪಸ್ ಬರುವಾಗ ಶ್ವೇತಾ ಗಿಟಾರನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಅವ್ವಾ, ಆ ಅಜ್ಜಿ ಸಾಲು ನನಗೂ ಕಲಸ್ತಿ?" ಎಂದಳು. ಅವಳು ಕಲಿಯುವಾಗ ಎಷ್ಟು ಸಲ ಹೇಳಿಕೊಟ್ಟೆನೋ, ನಾನು ಎಣಿಸಲಿಲ್ಲ.