ಡ್ರೈವರಕ್ಕನ ನೀರಿನ ಬಾಟಲಿ

ಮಾರನೆಯ ದಿನ ರಕ್ತಪರೀಕ್ಷೆ. ಅದು ಸರಿಬಂದರೆ ಮತ್ತೆ ಬಸ್ಸು. ಡ್ರೈವರಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇಸ್ತ್ರಿ ಮಾಡಿಟ್ಟ ಸಮವಸ್ತ್ರಕ್ಕೇ ಮತ್ತೆ ಇಸ್ತ್ರಿ ಉಜ್ಜುತ್ತಿದ್ದಳು. ಬೀಗ ರಿಪೇರಿ ಮಾಡುವ ಗಂಡ ಅದನ್ನು ನೋಡಿ, "ಅಂಗಿ ಸುಟ್ಟೋದ್ರೆ ಪಾಸಾದ್ರೂ ಬನಿಯನ್‌ನಲ್ಲೇ ಬಸ್ ಓಡಿಸ್ಬೇಕಾಗುತ್ತೆ, ನೋಡ್ಕೋ" ಎಂದ.

ಹೋದ ವರ್ಷ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡು ಸ್ಕ್ಯಾನ್ ಮಾಡಿಸಿದಾಗ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತ್ತು. ಕ್ಯಾನ್ಸರ್. ಕಿಡ್ನಿಯನ್ನೇ ತೆಗೆದರು. ಉಳಿದದ್ದು ಚೆನ್ನಾಗಿದ್ದರೆ ಒಂದೇ ಸಾಕು, ಎರಡರ ಕೆಲಸವನ್ನೂ ತೂಗಿಸಿಕೊಂಡು ಹೋಗುತ್ತದೆ ಎಂದಿದ್ದರು ವೈದ್ಯೆ. ಗಾಯ ಮಾಯುವವರೆಗೆ ಅಕ್ಕ ಭಾರ ಎತ್ತಲಿಲ್ಲ. ದಿನಾ ನಡೆದಳು, ಉಪ್ಪು ಇಳಿಸಿದಳು, ಸೊಂಟ ಹಿಡಿದರೆ ವೈದ್ಯೆಯನ್ನು ಕೇಳದೆ ನೋವಿನ ಮಾತ್ರೆ ನುಂಗುವುದನ್ನು ಬಿಟ್ಟಳು. ಸ್ಕ್ಯಾನ್‌ನಲ್ಲಿ ಮತ್ತೇನೂ ಕಾಣಲಿಲ್ಲ. ಇನ್ನು ನೋಡಬೇಕಾದದ್ದು ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಎಂಬ ಒಂದು ಅಂಕಿ. ಅದು ಏರದಿದ್ದರೆ ಸ್ಟೀರಿಂಗ್. ಏರಿದರೆ ಡಿಪೋದ ಕಿಟಕಿಯ ಹಿಂದೆ ಪಾಸು ಬರೆಯುವ ಕುರ್ಚಿ.

ಮಾರನೆಯ ದಿನ ವರದಿ ಬಂತು. ಅಂಕಿ ಏರಿತ್ತು. ಗಂಡನ ಮುಖ ಬಿಳಿಚಿಕೊಂಡಿತು. ಉಳಿದ ಕಿಡ್ನಿಯೂ ಕೈಕೊಟ್ಟಿತೆಂದು ಅಕ್ಕ ವರದಿಯನ್ನು ಮಡಚಿ ಮಡಚಿ ಚೀಟಿ ಮಾಡಿಬಿಟ್ಟಳು. ವೈದ್ಯೆ ಅದನ್ನು ಬಿಡಿಸಿ ಓದಿ, ನಿನ್ನೆ ಏನು ಕುಡಿದಿರಿ ಎಂದು ಕೇಳಿದರು.

"ಸಂಜೆಯಿಂದ ಏನೂ ಇಲ್ಲ ಡಾಕ್ಟ್ರೇ. ಬೆಳಿಗ್ಗೆ ಟ್ರಿಪ್ ಇದ್ರೆ ಹಾಗೇ ಮಾಡೋದು. ಕೊನೇ ಸ್ಟಾಪಲ್ಲಿ ಶೌಚಾಲಯಕ್ಕೆ ಬೀಗ."

ಪರೀಕ್ಷೆಯ ಸಂಭ್ರಮದಲ್ಲಿ, ಟ್ರಿಪ್ಪಿಗೆ ಹೊರಟವಳ ಹಾಗೆ, ತನಗೇ ಗೊತ್ತಿಲ್ಲದೆ ಬಾಯಿ ಕಟ್ಟಿದ್ದಳು. ಆ ದಾರಿಯ ಡ್ರೈವರುಗಳೆಲ್ಲ ಮಾಡುವುದು ಅದನ್ನೇ.

"ಮೈ ಒಣಗಿದ್ರೂ ಈ ಅಂಕಿ ಏರುತ್ತೆ. ಬಾಯಾರಿದಾಗೆಲ್ಲ ನೀರು ಕುಡ್ದು ಎರಡು ದಿನ ಬಿಟ್ಟು ಬನ್ನಿ, ಮತ್ತೆ ನೋಡೋಣ," ಎಂದರು ವೈದ್ಯೆ. "ಆದ್ರೆ ಅಂಕಿ ಸರಿಬಂದ್ರೂ ಈ ಅಭ್ಯಾಸ ಬಿಡದೆ ಬಸ್ ಹತ್ತೋದಾದ್ರೆ ನಾನು ಸಹಿ ಹಾಕಲ್ಲ."

ಹೊರಗೆ ಬಂದ ಕೂಡಲೇ ಗಂಡ ಕೇಳಿದ, "ಯಾವ ಬೀಗ ಅದು?"

ಎಂದೋ ಕೀಲಿ ಕಳೆದು, ಯಾರೂ ತಲೆ ಕೆಡಿಸಿಕೊಳ್ಳದೆ ಬಿಟ್ಟಿದ್ದ ಡಿಪೋದ್ದೇ ಬೀಗ. ಎಲ್ಲರೂ ಮಾವ ಎಂದು ಕರೆಯುವ ಹಳೆಯ ಕಂಡಕ್ಟರ್ ಮ್ಯಾನೇಜರ್ ಹತ್ತಿರ ಹೋಗಿ ಅಪ್ಪಣೆ ತಂದ. ಗಂಡ ತುಕ್ಕಿಗೆ ಎಣ್ಣೆ ಬಿಟ್ಟು, ತಂತಿ ತೂರಿಸಿ, ಕಿವಿಯಿಟ್ಟು ಕೇಳುತ್ತಾ ಕೂತ. ಬೀಗ ಟಕ್ಕೆಂದಾಗ ಹೆಂಡತಿಯ ಮುಖ ನೋಡಿ ಮೀಸೆ ತಿರುವಿದ. ಅದಕ್ಕೊಂದು ಹೊಸ ಕೀಲಿ ಮಾಡಿ, ದಾರ ಕಟ್ಟಿ ಅವಳ ಕೊರಳಿಗೆ ಹಾಕಿದ. ಮಾವ ನೆಲ ತೊಳೆಸಿ ನಲ್ಲಿಯನ್ನೂ ಸರಿಮಾಡಿಸಿದ.

ಎರಡನೇ ಪರೀಕ್ಷೆಯಲ್ಲಿ ಅಂಕಿ ಇಳಿದು, ಆಪರೇಷನ್ ಆದಮೇಲೆ ಸದಾ ಇರುತ್ತಿದ್ದ ಜಾಗಕ್ಕೇ ಬಂದು ನಿಂತಿತ್ತು. ವೈದ್ಯೆ ಕೀಲಿಯನ್ನು ಕೈಯಲ್ಲಿ ಹಿಡಿದು ನೋಡಿ, ನಕ್ಕು ಸಹಿ ಹಾಕಿದರು. ಬಿ.ಪಿ. ನೋಡಿಸುವುದನ್ನೂ ವರ್ಷವರ್ಷದ ಸ್ಕ್ಯಾನನ್ನೂ ತಪ್ಪಿಸಬಾರದು ಎಂದು ಮತ್ತೊಮ್ಮೆ ಹೇಳಿ ಕಳಿಸಿದರು.

ಮೊದಲ ಟ್ರಿಪ್ಪು. ಸ್ಟೀರಿಂಗ್ ಹಿಡಿದ ಕೈಗೆ ಎಂಜಿನ್ನಿನ ನಡುಕ ಬಂದಾಗ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಕೊನೇ ಸ್ಟಾಪಿನಲ್ಲಿ ಇಳಿದು ಹೋಗಿಬಂದು ಸೀಟಿನಲ್ಲಿ ಕೂತಳು. ಮಾವ ಸೀಟಿಯನ್ನು ತುಟಿಗಿಟ್ಟುಕೊಂಡಿದ್ದ, ಊದಲಿಲ್ಲ. ಬಾಟಲಿಯತ್ತ ಕಣ್ಣು ಮಾಡಿದ. ಹಿಂದಿನಿಂದ ಒಬ್ಬರು ತಡವಾಯಿತೆಂದು ಗೊಣಗಿದರು.

"ಬಸ್ಸಿಗೆ ಡೀಸೆಲ್, ಅಕ್ಕಂಗೆ ನೀರು. ಎರಡರಲ್ಲಿ ಒಂದಿಲ್ಲಾಂದ್ರೂ ನೀವು ತಳ್ಬೇಕು ಸ್ವಾಮಿ," ಎಂದ ಮಾವ.

ಅಕ್ಕ ಗಟಗಟನೆ ಕುಡಿದಳು. ಅಷ್ಟರಲ್ಲಿ ಪಕ್ಕದ ಬಸ್ಸಿನ ಕಂಡಕ್ಟರ್ ಹುಡುಗಿ ಕಿಟಕಿಗೆ ಬಂದಳು. ಅವಳ ಕೈಯಲ್ಲೂ ಒಂದು ಬಾಟಲಿ, ಮುಚ್ಚಳದ ಸೀಲು ಇನ್ನೂ ಒಡೆದಿರಲಿಲ್ಲ.

"ಅಕ್ಕಾ, ಆ ಕೀಲಿ ನಂಗೂ ಒಂದು ಮಾಡಿಸ್ಕೊಡ್ತೀರಾ?"

ಅಕ್ಕ ಕೊರಳಿನ ದಾರ ತೆಗೆದು ತನ್ನ ಕೀಲಿಯನ್ನೇ ಅವಳ ಕೈಗೆ ಹಾಕಿದಳು. "ಇದನ್ನೇ ಇಟ್ಕೋ. ಮೊದಲು ಆ ಬಾಟ್ಲಿ ತೆಗ್ದು ಕುಡಿ. ನಮ್ಮನೇವ್ರು ಇನ್ನೊಂದು ಮಾಡ್ಕೊಡ್ತಾರೆ."

ಮಾವ ಸೀಟಿ ಊದಿದ.