ಪಂಕ್ಚರ್ ಅಕ್ಕ ಮಗುವಿಗಾಗಿ ಕಾದದ್ದು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟಯರ್ ಅಂಗಡಿ ನಡೆಸುತ್ತಿದ್ದ ಅವಳನ್ನು ಎಲ್ಲರೂ ಪಂಕ್ಚರ್ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಡಿ ಅಪ್ಪನದು, ಬಾಯಿಯೂ ಅಪ್ಪನದೇ. ಏದುಸಿರು ಬಿಡುತ್ತ ಬೈಕ್ ತಳ್ಳಿಕೊಂಡು ಬಂದವರನ್ನು "ಗಾಳಿ ಹೋಗಿರೋದು ಟಯರ್‌ದೋ, ನಿಮ್ಮದೋ?" ಎಂದು ನಗಿಸುತ್ತಿದ್ದಳು.

ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಮುಟ್ಟು ಹೊತ್ತುಗೊತ್ತಿಲ್ಲದೆ ಬರುತ್ತಿತ್ತು, ಬಂದರೆ ನಿಲ್ಲುತ್ತಿರಲಿಲ್ಲ. ಭಾರ ಎತ್ತುವುದರಿಂದ ಹೀಗೆ ಎಂದುಕೊಂಡಿದ್ದಳು. ಪರೀಕ್ಷಿಸಿದ ಡಾಕ್ಟರಮ್ಮ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಇದೆ ಎಂದರು.

"ಗರ್ಭಕೋಶ ತೆಗೆಯೋದೇ ಭದ್ರವಾದ ದಾರಿ. ಆದ್ರೆ ಇದಿನ್ನೂ ಮೊದಲ ಹಂತ, ಆಳಕ್ಕೆ ಇಳಿದಿಲ್ಲ. ಮಗು ಬೇಕೇಬೇಕು ಅಂದ್ರೆ ಹಾರ್ಮೋನ್ ಮಾತ್ರೆ ಕೊಟ್ಟು ನೋಡಬಹುದು. ಆಗಾಗ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬೇಕು. ಗ್ಯಾರಂಟಿ ಕೊಡೋಕಾಗಲ್ಲ."

ಅವಳು ಮಾತ್ರೆಯನ್ನೇ ಆರಿಸಿಕೊಂಡಳು. ಮೈ ಊದಿಕೊಂಡಿತು. "ಟ್ಯೂಬಿಗೆ ಹಾಕೋ ಗಾಳೀನ ನೀನೇ ಕುಡಿದ್ಯೇನೇ?" ಎಂದು ಅತ್ತೆ ರೇಗಿಸಿದರು. ಒಂಬತ್ತು ತಿಂಗಳ ಮೇಲೆ ಒಳಪದರ ಶುದ್ಧವಾಗಿದೆ ಎಂದು ವರದಿ ಬಂತು. ಗಂಡ, ಮರಗೆಲಸದವನು, ಅಂದೇ ತೊಟ್ಟಿಲಿಗೆಂದು ಒಳ್ಳೆಯ ಹಲಗೆ ಎತ್ತಿಟ್ಟ.

ಬಸಿರು ಮಾತ್ರ ನಿಲ್ಲಲಿಲ್ಲ. ಮರುವರ್ಷ ಕಾಯಿಲೆ ಮರಳಿತು. ಇನ್ನು ಕಾಯುವುದು ಬೇಡವೆಂದರು ಡಾಕ್ಟರಮ್ಮ.

"ಇನ್ನೊಂದು ಸಲ ಮಾತ್ರೆ ತಗೊಂಡು ನೋಡೋಣ್ವಾ?" ಎಂದ ಗಂಡ, ಗೋಡೆ ನೋಡುತ್ತ.

"ಮಗು ನನಗೂ ಬೇಕು ರೀ. ಆದ್ರೆ ಆ ಮಗುಗೆ ಒಬ್ಬ ಅಮ್ಮನೂ ಬೇಕಲ್ವಾ?"

ಅವನು ಗೋಡೆಯಿಂದ ಅವಳತ್ತ ತಿರುಗಿದ. ಪಕ್ಕ ಕೂತು ಅವಳ ಕೈ ಹಿಡಿದುಕೊಂಡ.

ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶ ತೆಗೆದರು. ಅಂಡಾಶಯ ಉಳಿಸಿದ್ದರಿಂದ ಮುಪ್ಪು ಒಮ್ಮೆಲೇ ಮೈಮೇಲೆ ಬೀಳಲಿಲ್ಲ. ಆದರೆ ಹೊರಲು ಒಡಲಿರಲಿಲ್ಲ. ನೋಡಲು ಬಂದ ಪಕ್ಕದ ಮನೆಯಾಕೆ "ಪಾಪ, ವಂಶ ನಿಂತ್ಹೋಯ್ತಲ್ಲ" ಎಂದಾಗ ಅತ್ತೆ ಎದ್ದು ನಿಂತರು. "ನಮ್ಮ ವಂಶದಲ್ಲಿ ಅಂಥಾ ಘನಂದಾರಿಗಳು ಯಾರೂ ಹುಟ್ಟಿಲ್ಲಮ್ಮ. ನನ್ನ ಸೊಸೆ ಉಳಿದಳು, ಅಷ್ಟು ಸಾಕು. ಕಾಫಿ ಕುಡಿದು ಹೊರಡಿ."

ಚೇತರಿಸಿಕೊಂಡು ಅಂಗಡಿ ಮತ್ತೆ ತೆರೆದ ವಾರದಲ್ಲೇ ತುಂಬು ಬಸುರಿಯೊಬ್ಬಳು ಸ್ಕೂಟರ್ ತಂದಳು. ಅಕ್ಕ ಅವಳಿಗೆ ಸ್ಟೂಲ್ ಹಾಕಿದಳು, ಯಾವ ತಿಂಗಳೆಂದು ಕೇಳಿದಳು, ಚಕ್ರ ಸರಿಮಾಡಿ ಕಳಿಸಿದಳು. ಆಮೇಲೆ ಒಳಗೆ ಹೋಗಿ ಹಳೆಯ ಟಯರುಗಳ ನಡುವೆ ಕೂತು, ಅಷ್ಟು ದಿನ ತಡೆದದ್ದೆಲ್ಲ ಅತ್ತಳು.

ತಪಾಸಣೆಗೆ ಹೋದಾಗಲೆಲ್ಲ ಈಗ ಒಳ್ಳೆಯ ಸುದ್ದಿಯೇ ಬರುತ್ತಿದೆ. ದತ್ತು ತೆಗೆದುಕೊಳ್ಳುವ ಮಾತೂ ಮನೆಯಲ್ಲಿ ಒಮ್ಮೊಮ್ಮೆ ಬರುತ್ತದೆ. "ಅವಸರ ಯಾಕೆ, ನೋಡೋಣ" ಎನ್ನುತ್ತಾಳೆ ಅವಳು.